ಕಾಲಡಿಯ ಚಿತ್ರಗಳು

ಕಿಟಕಿಯ ಸರಳು ಅಲುಗಾಡುತ್ತಿದೆ, ಟರ್ರ್ ಟರ್ರ್, ಬಸ್ಸು ನಿಧಾನವಾದರೆ ದನಿ ಇಳಿಯುತ್ತದೆ, ಡ್ರೈವರು ಗೇರು ಬದಲಿಸಿದರೆ ಮತ್ತೆ ಏರುತ್ತದೆ, ಎಲ್ಲೋ ಒಂದು ಸ್ಕ್ರೂ ಸಡಿಲಾಗಿದೆ, ಚೂರು ತಿರುವಿದರೆ ಸುಮ್ಮನಾದೀತು, ಆದರೆ ಸುಮ್ಮನಾಗುವುದು ಯಾಕೆ ಬೇಕು, ಇದೇ ದನಿಯನ್ನಲ್ಲವೇ ತಾನು ವರ್ಷಗಟ್ಟಲೆ ತಗಡಿನ ಡಬ್ಬಿಯೊಳಗೆ ಹಿಡಿಯಲು ಒದ್ದಾಡುತ್ತಿರುವುದು, ಎಂದುಕೊಂಡು ಪ್ರಹ್ಲಾದ ಸರಳಿನ ಮೇಲೆ ಬೆರಳಿಟ್ಟ, ದನಿ ನಿಂತಿತು, ತೆಗೆದ, ಮತ್ತೆ ಶುರುವಾಯಿತು. ತೊಡೆಗಳ ನಡುವೆ ನಿಲ್ಲಿಸಿಕೊಂಡ ಗಿಟಾರಿನ ಕುತ್ತಿಗೆ ಗದ್ದಕ್ಕೆ ಬಡಿಯುತ್ತಿದೆ, ಡಬ್ಬಿ ಪರೀಕ್ಷಿಸಲು ಇಟ್ಟುಕೊಂಡದ್ದು, ಡಬ್ಬಿಯ ಜೊತೆಗೆ ಇದನ್ನೂ ಎತ್ತಿಕೊಂಡು ಬಂದಿದ್ದಾನೆ, ಹಳೆಯ ಚಾದರದಲ್ಲಿ ಸುತ್ತಿ ಸುತಳಿ ಬಿಗಿದಿದ್ದಾನೆ, ಪಕ್ಕದ ರುಮಾಲಿನ ಮುದುಕ ಕಲಬುರ್ಗಿಯ ಬಸ್‌ಸ್ಟ್ಯಾಂಡ್ ಬಿಟ್ಟಾಗಿನಿಂದ ಅದನ್ನೇ ನೋಡುತ್ತಿದ್ದವನು ಕೊನೆಗೆ ಕೇಳಿಯೇಬಿಟ್ಟ, ಏನ್ರಿ ಅದು, ತಂಬೂರಿ ಏನ್ರಿ, ಹೌದ್ರಿ ಯಜಮಾನ್ರ, ತಂಬೂರಿ ಜಾತಿದೇ, ಭಜನಿ ಮಾಡ್ತೀರೇನ್ರಿ, ಇಲ್ರಿ, ಬಾರಸೋರು ಬ್ಯಾರೇದವರು, ಹಂಗಂದ್ರ ನೀವೇನ್ ಮಾಡ್ತೀರಿ — ಏನು ಮಾಡುತ್ತೇನೆ ನಾನು, ಚೆಂದಾಗಿ ಬರುವ ದನಿಯನ್ನು ಡಬ್ಬಿಯೊಳಗೆ ಹಾಯಿಸಿ, ಸೀಳಿ, ಒಡಕು ಮಾಡಿ ಹೊರಗೆ ಕಳಿಸುತ್ತೇನೆ, ಪೆಡಲ್ ಅಂತಾರೆ ಅದಕ್ಕೆ, ಕಾಲಿನಿಂದ ಒಮ್ಮೆ ಒತ್ತಿದರೆ ಚಾಲೂ, ಮತ್ತೊಮ್ಮೆ ಒತ್ತಿದರೆ ಬಂದ್ — ಹೇಳಿದರೆ ಮುದುಕ ನಕ್ಕಾನು, ಹೆಂಡ್ತಿ ತವರಿಗೆ ಹೊಂಟೀನ್ರಿ ಎಂದ, ಅದೇನು ಸುಳ್ಳಲ್ಲ, ಕಮಲಾಪುರ ಲಲಿತಾಳ ತವರು, ಹೋದವಳು ಗಣಪತಿ ಹಬ್ಬಕ್ಕೂ ಬರಲಿಲ್ಲ, ಒಳ್ಳೇದ್ರಿ ಒಳ್ಳೇದ್ರಿ, ಎಂದ ಮುದುಕ, ಕಣ್ಣು ಮುಚ್ಚಿದ, ಒಳ್ಳೆಯದೋ ಕೆಟ್ಟದ್ದೋ ಅಲ್ಲಿಗೆ ಹೋದ ಮೇಲೆ ಗೊತ್ತು.

ಚೀಲದೊಳಗೆ ಕೈ ಹಾಕಿ ಡಬ್ಬಿ ಇದೆಯೇ ಎಂದು ನೋಡಿಕೊಂಡ, ಎಷ್ಟು ಸಲ ನೋಡಿದ್ದಾನೋ, ಇದೆ, ತಣ್ಣಗಿದೆ, ನೆತ್ತಿಯ ಗುಂಡಿ ಹೆಬ್ಬೆರಳಿಗೆ ಸಿಗುತ್ತದೆ, ಲಾರಿಯ ಡಿಪ್ಪರ್ ಗುಂಡಿ ಅದು, ಡ್ರೈವರು ಎಡಗಾಲಿನಿಂದ ಒತ್ತಿ ದೀಪ ತಗ್ಗಿಸುವಂಥದ್ದು, ಗುಜರಿಯಲ್ಲಿ ಸಿಕ್ಕದ್ದು, ಯಾರು ಎಷ್ಟು ತುಳಿದರೂ ಜಗ್ಗದು. ಹಗಲೆಲ್ಲ ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಹುಡುಗರಿಗೆ ಲೋಲಕ ತೂಗಿಸಿ ತೋರಿಸುವುದು, ಸಂಜೆ ಶಹಾಬಜಾರದ ಮನೆಗೆ ಬಂದು ಅಂಗಿ ಕಳಚಿದರೆ ಪಡಸಾಲೆಯ ಮೂಲೆ, ಬೆಸುಗೆ ಹಾಕುವ ಬಿಸಿ ಕಡ್ಡಿ, ರಾಳದ ಹೊಗೆ, ಹಳೆಯ ರೇಡಿಯೋಗಳಿಂದ ಕಿತ್ತ ಟ್ರಾನ್ಸಿಸ್ಟರುಗಳು, ಅವಕ್ಕೋ ಬಿಸಿಲಾಗದು, ಮೇ ತಿಂಗಳು ಬಂದರೆ ಅರ್ಧ ದನಿ ನುಂಗಿ ಉಗ್ಗುತ್ತವೆ, ಆಗ ಒದ್ದೆ ಬಟ್ಟೆ ಸುತ್ತಿ ಕೂರಬೇಕು, ಜ್ವರ ಬಂದ ಕೂಸಿಗೆ ಸುತ್ತಿದ ಹಾಗೆ. ತಾಯಿ ತುಂಗಾಬಾಯಿಗೆ ಬಿಪಿ, ಸಪ್ಪಳ ಆಗದು, ಅದಕ್ಕೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪರೀಕ್ಷೆ, ಗುಡುಗು ಸಿಡಿಲೆಲ್ಲ ತನ್ನ ತಲೆಯೊಳಗೆ ಮಾತ್ರ, ಮನೆಯವರಿಗೆ ಕೇಳುವುದು ತಂತಿಯ ಚಿಂಯ್ ಚಿಂಯ್. ಮೊದಲ ಡಬ್ಬಿಯ ತಗಡಿನ ಅಂಚಿಗೆ ಲಲಿತಾಳ ಬೆರಳು ಕೊಯ್ದಿತ್ತು, ರಕ್ತ ಚೀಪುತ್ತ, ಹಿಂಗ ಬಿಟ್ರ ಯಾರ್ದರ ಕಾಲು ಹರೀತದ ನೋಡ್ರಿ, ಎಂದಳು, ಅಂಚು ಅರದಿಂದ ತಿಕ್ಕಿಸಿದಳು, ಮರುದಿನ ಬಾಗಿಲಿಗೆ ಹಚ್ಚಿ ಉಳಿದ ಬಣ್ಣ ಹುಡುಕಿ ತಂದು ಏನೋ ಬರೆಯತೊಡಗಿದಳು, ಬೇಡ ಅನ್ನಲಿಲ್ಲ ತಾನು, ಬೇಕು ಅಂತಲೂ ಅನ್ನಲಿಲ್ಲ, ತಲೆ ಎತ್ತಿದ್ದರೆ ತಾನೇ. ಆಮೇಲೆ ಯಾವ ಡಬ್ಬಿಯೂ ಬರೀ ತಗಡಾಗಿ ಹೊರಗೆ ಹೋಗಲಿಲ್ಲ, ಬೀದರಿನವರು, ಸೋಲಾಪುರದವರು, ಆರ್ಕೆಸ್ಟ್ರಾದ ಗಿಟಾರಿನವರೆಲ್ಲ ಕೇಳಿಕೊಂಡು ಬಂದರು, ದನಿಗೇ ಬರುತ್ತಾರೆ ಎಂದುಕೊಂಡಿದ್ದ, ದನಿಗೇ.

ಅಣವೀರಪ್ಪ ನಿನ್ನೆ ಏನಂದ, ಅಡತಿ ಅಂಗಡಿಯವರ ಮಗ, ಮದುವೆ ಮನೆಗಳಲ್ಲಿ ಗಿಟಾರು ಬಾರಿಸುವವನು, ಈ ಡಬ್ಬಿ ಮಾಡಿಸಿದವನೇ ಅವನು, ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿದ, ಕಸಿವಿಸಿಯಿಂದ ನಕ್ಕ, ಸರ, ಅವಾಜ ಏಕ್ ನಂಬರ್ ಅದರಿ, ಅದರ ಬಗ್ಗೆ ಮಾತಿಲ್ಲ, ಆದ್ರ ಇದರಾಗ ವೈನಿಯವರ ಕೈ ಇಲ್ಲಲ್ರಿ. ಇಲ್ಲ, ಲಲಿತಾಳ ಕೈ ಎಲ್ಲಿಂದ ಬರಬೇಕು, ಅದು ತನ್ನ ಕೈ, ಸರಸ್ವತಿ ಬರೆಯಲು ಹೋಗಿ ವೀಣೆ ಸೋರೆಕಾಯಿಯಾಗಿದೆ, ಒಂದು ಕಣ್ಣು ಮೇಲೆ, ಒಂದು ಕೆಳಗೆ. ಸರಸ್ವತಿ ಬೇಕು ಅಂದವನೂ ಅಣವೀರಪ್ಪನೇ, ವಾದ್ಯದ ದೇವಿ ಅಲ್ರೀ ಸರ, ಈ ಸಲ ಆಕಿನ್ನೇ ಬರಸ್ರಿ, ತಾನು ಹೂಂ ಅಂದುಬಿಟ್ಟ, ಲಲಿತಾಳಿಗೆ ಹೇಳಿದಾಗ ಆಕೆ ಕುಂಚ ತೊಳೆಯುತ್ತಿದ್ದಳು, ಕಾಲಿಂದ ತುಳಿಯೋದರ ಮ್ಯಾಲ ಸರಸ್ವತಿನ್ನ ಬರೀಲೇನ್ರಿ, ಅದೂ ಚಪ್ಪಲಿ ಮೆಟ್ಟಿ ಒತ್ತತಾರ ಅವರು, ನಾ ಬರಿಯಂಗಿಲ್ಲ. ಮಾತು ಕೊಟ್ಟೀನಲ್ಲ. ಯಾರನ್ನ ಕೇಳಿ ಕೊಟ್ರಿ. ಕಡ್ಡಿ ಕಾದಿತ್ತು, ತಂತಿಯ ತುದಿಯಲ್ಲಿ ಸೀಸ ಕರಗಿ ನಿಂತಿತ್ತು, ಆ ಹೊತ್ತಿಗೆ ಯಾರಾದರೂ ಮಾತಾಡಿಸಿದರೆ ಮೈ ಉರಿಯುತ್ತದೆ, ಬಿಡು ಹಂಗಾದ್ರ, ಬಣ್ಣ ಇಲ್ದಿದ್ರೂ ಅವಾಜ ಬರ್ತದ, ಎಂದುಬಿಟ್ಟ. ಎಷ್ಟು ಸಸಾರವಾಗಿ ಬಂತು ಆ ಮಾತು, ಬೆಸುಗೆಯೂ ಚೆಂದಾಗಿ ಕೂತಿತು, ಹೌದ್ರಿ, ಬರ್ತದ, ಎಂದಳು ಲಲಿತಾ, ಅಷ್ಟೇ, ಕುಂಚ ಒರೆಸಿ ಡಬ್ಬದಲ್ಲಿ ನಿಲ್ಲಿಸಿದಳು, ಮರುದಿನ ಕಾಲೇಜಿನಿಂದ ಬಂದರೆ ತುಂಗಾಬಾಯಿ ಹೇಳಿದರು, ಆಕಿ ತವರಿಗೆ ಹೋಗ್ಯಾಳ, ನಿನಗ ಹೇಳಿಲ್ಲೇನು. ಹೇಳಿದ್ದಳೋ ಏನೋ, ಬೆಳಗ್ಗೆ ಬಾಗಿಲಲ್ಲಿ ನಿಂತು ಏನೋ ಅಂದಹಾಗಿತ್ತು, ಕಿವಿಯಲ್ಲಿ ಇಯರ್‌ಫೋನ್ ಇತ್ತು.

ಮಹಾಗಾಂವ ಕ್ರಾಸ್ ಬಂತು, ಮುದುಕ ಇಳಿದ, ಜೋಳದ ಚೀಲ ಇಳಿಯಿತು, ಬಸ್ಸು ಹೊರಡುವುದೇ ಇಲ್ಲ, ಕಂಡಕ್ಟರ್ ಚಹಾ ಕುಡಿಯುತ್ತಿದ್ದಾನೆ, ಹೊರಡಪ್ಪ, ಹೊರಡು, ನಿಂತರೆ ತಲೆಯೊಳಗೆ ಗುಂಯ್ ಅನ್ನುತ್ತದೆ, ಅರ್ಥಿಂಗ್ ಕೊಡದ ಆಂಪ್ಲಿಫಾಯರಿನ ಹಾಗೆ, ಸುಮ್ಮನಿರಲಾರದೆ ಹಳೆಯ ಡಬ್ಬಿಗಳನ್ನು ಒಂದೊಂದಾಗಿ ನೆನೆದ, ಮೊದಲನೆಯದರ ಮೇಲೆ ಏನಿತ್ತು, ಅಂಗಳದಲ್ಲಿ ಉದುರಿದ ಬೇವಿನ ಹೂವು, ಆಮೇಲೆ ಜೋಳ ಕೊಯ್ದ ಮೇಲೆ ಹೊಲದಲ್ಲಿ ಉಳಿಯುವ ಕೂಳೆ, ಎರೆಮಣ್ಣಿನ ಬಿರುಕು, ಒಣಗಿದ ತೊಗರಿ ಎಲೆ, ಇನ್ನೊಂದರ ಮೇಲೆ ಶಹಾಬಾದ ಕಲ್ಲಿನ ಬರೀ ನೆಲ, ನಡುವೆ ಒಂದು ಸೀಳು, ಇದೇನಿದು ನೆಲ ಬರ್ದೀಯಲ್ಲ ಎಂದು ನಕ್ಕಿದ್ದ ತಾನು, ಆಕೆ ನಕ್ಕಿರಲಿಲ್ಲ — ತಡಿ, ತಡಿ, ಒಂದರಲ್ಲೂ ನವಿಲಿಲ್ಲ, ಕಮಲವಿಲ್ಲ, ಶಂಖವಿಲ್ಲ, ರಂಗೋಲಿ ಕೂಡ ಇಲ್ಲ, ದಿನಾ ಹೊಸ್ತಿಲ ಮುಂದೆ ಅಂಥ ರಂಗೋಲಿ ಹಾಕುವವಳು ಡಬ್ಬಿಯ ಮೇಲೆ ಒಂದು ಎಳೆ ಎಳೆಯಲಿಲ್ಲ, ಎಲ್ಲವೂ ಕಾಲಿನ ಕೆಳಗಿನವೇ, ಮನುಷ್ಯ ತುಳಿದು ನಡೆದರೆ ದೋಷ ಬಾರದಂಥವೇ, ಹುಡುಕಿ ಹುಡುಕಿ ಬರೆದಿದ್ದಾಳೆ, ಯಾರ್ಯಾರೋ ಆರ್ಕೆಸ್ಟ್ರಾದವರು ಹಾಕುವ ಹೆಜ್ಜೆಯ ಪಾಪವನ್ನು ಇಷ್ಟು ವರ್ಷ ಕೂತು ಯೋಚಿಸಿದ್ದಾಳೆ, ಪಕ್ಕದ ಚಾಪೆಯ ಮೇಲೆ, ತನ್ನ ಮೊಣಕೈಗೆ ತಾಗುವಷ್ಟು ಹತ್ತಿರ ಕೂತು, ಒಂದು ಮಾತೂ ಹೇಳದೆ, ಅಥವಾ ಹೇಳಿದ್ದಳೋ ಏನೋ. ಬಸ್ಸು ಹೊರಟಿತು. ಗಿಟಾರು ಗದ್ದಕ್ಕೆ ಬಡಿಯಿತು, ನೋವಾಯಿತು, ಬಡಿಯಲಿ.

ಕಮಲಾಪುರದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು, ರಸ್ತೆಯ ಬದಿಯ ಅಂಗಡಿಗಳಲ್ಲಿ ಕೆಂಪು ಬಾಳೆಯ ಗೊನೆ ತೂಗುತ್ತಿವೆ, ಬರಿಗೈಲಿ ಹೋಗಬಾರದು, ಇಲ್ಲಿಯ ಬಾಳೆಹಣ್ಣನ್ನು ಇಲ್ಲಿಯವರಿಗೇ ಕೊಡುವುದೂ ಸರಿಯಲ್ಲ, ಮಲ್ಲಿಗೆ ಮಾಲೆ ಕೊಳ್ಳಲೇ, ಎಲ್ಲರ ಮುಂದೆ ಹೇಗೆ ಕೊಡಲಿ, ಬೇಡ, ಎನ್ನುವುದರಲ್ಲೇ ಮನೆ ಬಂತು. ಕಟ್ಟೆಯ ಮೇಲಿದ್ದ ಅತ್ತೆ ಜಾನಕೀಬಾಯಿ ಸೆರಗು ಸರಿಮಾಡಿಕೊಂಡು ಎದ್ದರು, ಬರ್ರಿ ಪ್ರಹ್ಲಾದರಾವ್, ಕಾಲ ತೊಳಕೋರಿ, ಲಲಿತಾ, ಯಾರ್ ಬಂದಾರ ನೋಡು. ಮೊರದಲ್ಲಿ ತೊಗರಿಬೇಳೆ ಹಿಡಿದೇ ಬಂದಳು, ಸೊರಗಿಲ್ಲ, ಮೈ ತುಂಬಿದೆ, ಅದು ಯಾಕೋ ಚುಚ್ಚಿತು, ಹೆಂಗ ಬಂದ್ರಿ, ಬಸ್ಸಿನ್ಯಾಗ, ಎಂದ, ಥೂ, ಎಂಥ ಉತ್ತರ, ಡಬ್ಬಿಗೆ ಬಣ್ಣ ಬೇಕಾಗಿತ್ತು, ಅದಕ್ಕ. ಚೀಲದಿಂದ ತೆಗೆದುಕೊಟ್ಟ. ಲಲಿತಾ ಬೆಳಕಿಗೆ ಹಿಡಿದು ನೋಡಿದಳು, ತುಟಿ ಬಿಗಿಹಿಡಿದಳು, ಆದರೂ ನಗು ತಪ್ಪಿಸಿಕೊಂಡು ಬಂತು, ಇದು ಸರಸ್ವತಿಯೋ, ಸೌಟು ಹಿಡಕೊಂಡ ಅತ್ತಿಯವರೋ, ಮೊದಲ ಅಳಸ್ರಿ ಇದನ್ನ. ಅತ್ತೆ ಸೀಮೆಎಣ್ಣೆಯ ಚಿಂದಿ ಕೊಟ್ಟರು, ಕಟ್ಟೆಯ ಮೇಲೆ ಕೂತು ತಿಕ್ಕಿದ, ಕಣ್ಣು ಹೋಯಿತು, ವೀಣೆ ಹೋಯಿತು, ತಗಡು ಬಯಲಾಯಿತು, ಬಣ್ಣ ಎಲ್ಲ್ಯವ, ಎಂದಳು, ಯಾವ ಬಣ್ಣ, ಬರೀಲಿಕ್ಕ ಬಣ್ಣ, ಕುಂಚ, ತಂದೀರಿಲ್ಲೋ — ಚೀಲ ಬಗ್ಗಿಸಿ ನೋಡಿದ, ವೈರು, ಬ್ಯಾಟರಿ, ಸ್ಕ್ರೂಡ್ರೈವರು, ಎಲ್ಲ ಇದೆ, ಬಣ್ಣವೊಂದೇ ಇಲ್ಲ, ಜಾನಕೀಬಾಯಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದರು. ಲಲಿತಾ ನಗಲಿಲ್ಲ ಈಗ, ಕಂಬಕ್ಕೆ ಒರಗಿ ನಿಂತಳು, ಇಷ್ಟು ಬರ್ದು ಕೊಟ್ಟೀನಿ ನಿಮಗ, ಒಂದರದಾದ್ರೂ ಅವಾಜ ನನಗ ಕೇಳಿಸೀರೇನು.

ಊರೂರಿನವರಿಗೆ ಕೇಳಿಸಿದೆ, ಸೋಲಾಪುರದ ಮದುವೆಗಳಲ್ಲಿ ಕುದುರೆ ಬೆದರುವಂತೆ ಕೇಳಿಸಿದೆ, ಇಯರ್‌ಫೋನಿನ ವೈರು ಒಂದು ಮಾರುದ್ದ, ಕಿತ್ತು ಆಕೆಯ ಕಿವಿಗಿಡಲು ಎಷ್ಟು ಹೊತ್ತು ಬೇಕಿತ್ತು, ನೀ ಕೇಳಲಿಲ್ಲಲ್ಲ, ಎಂದ, ನೀವು ಬರೀ ಅಂತ ಹೇಳಿದ್ರೇನು, ನಾ ಬರೀಲಿಲ್ಲೇನು, ಎಂದಳು. ದೇವರ ಕೋಣೆಯ ಪಕ್ಕದಲ್ಲಿ ಅತ್ತೆಯ ಭಜನಾ ಮಂಡಳಿಯ ಆಂಪ್ಲಿಫಾಯರ್ ಇದೆ, ಅದರ ಮೇಲಿನ ಕಸೂತಿ ಬಟ್ಟೆ ತೆಗೆದು ತಾನೇ ಎತ್ತಿ ತಂದಿಟ್ಟಳು ಲಲಿತಾ, ವೈರು ಸಿಕ್ಕಿಸಿದ, ಸುತಳಿ ಬಿಚ್ಚಿ ಗಿಟಾರು ತೊಡೆಗಿಟ್ಟುಕೊಂಡ, ನೀನೇ ಒತ್ತು, ಎಂದ. ಆಕೆ ಬಗ್ಗಿ ಬರೀ ತಗಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಸೀರೆಯ ನೆರಿಗೆ ತುಸು ಎತ್ತಿ ಬಲಗಾಲು ಇಟ್ಟಳು, ಟಕ್ ಅಂತು ಗುಂಡಿ, ಪ್ರಹ್ಲಾದ ದಪ್ಪ ತಂತಿಯನ್ನು ಒಂದೇ ಸಲ ಎಳೆದುಬಿಟ್ಟ — ಗೂಡಿನಲ್ಲಿದ್ದ ಹಿತ್ತಾಳೆ ತಟ್ಟೆಗಳು ಝಲ್ಲೆಂದವು, ಮನೆಯ ಗೋಡೆಯೇ ಗಂಟಲು ಹರಿದುಕೊಂಡಂತಾಯಿತು, ಒಳಗಿಂದ ಅತ್ತೆ ಶ್ರೀಹರಿ ಎಂದು ಕೂಗಿದರು, ರಸ್ತೆಯಲ್ಲಿ ಯಾರದೋ ಸೈಕಲ್ ನಿಂತಿತು, ದನಿ ಹರಿಯುತ್ತ, ಉರಿಯುತ್ತ, ನಿಧಾನಕ್ಕೆ ಬೂದಿಯಾಗುತ್ತ ಬಂತು. ಲಲಿತಾ ಅಲ್ಲಾಡಲಿಲ್ಲ. ನಾ ಬರ್ದದ್ದೆಲ್ಲಾ ತಪ್ಪರೀ, ಎಂದಳು, ಜಲತರಂಗದ ಹಂಗ ಮೆತ್ತಗಿರ್ತದಂತ ತಿಳಕೊಂಡಿದ್ದೆ, ಬೇವಿನ ಹೂವು ಬರ್ದು ಕೊಟ್ಟೆ, ಇದಕ್ಕ ಇಷ್ಟು ಸಿಟ್ಟದ ಅಂತ ಯಾರು ಹೇಳಬೇಕು. ಸಿಟ್ಟಲ್ಲ ಅದು, ಎಂದ, ತಡಕೊಂಡದ್ದು, ಭಾಳ ದಿವಸ ತಡಕೊಂಡದ್ದು ಹೊರಗ ಬಂದ್ರ ಹಿಂಗ. ಅದು ನನಗ ಗೊತ್ತದ ಬಿಡ್ರಿ, ಎಂದಳು, ಮುಖ ಆ ಕಡೆ ತಿರುಗಿಸಿದಳು, ಆಮೇಲೆ ಈ ಕಡೆ, ಬಣ್ಣ ಎಲ್ಲಾ ಕಲಬುರ್ಗ್ಯಾಗ ಅವ, ನಾಳೆ ಹೋಗೋಣ, ಆದ್ರ ಇನ್ನ ಮ್ಯಾಲ ಆ ಕಿವ್ಯಾಗಿಂದು ಹಾಕ್ಕೋಬಾರದು, ಅತ್ತಿಯವರಿಗೆ ಬಿಪಿ ಅದಲ್ಲ, ಅವರು ಗುಡಿಗೆ ಹೋದಾಗ ಇಬ್ಬರೂ ಕೇಳೋಣ. ಆಯ್ತು, ಎಂದ, ಆ ದಿನ ಆಡಿದ ಮಾತಿಗೆ ಏನಾದರೂ ಹೇಳಬೇಕು, ಈಗಲೇ ಹೇಳಬೇಕು, ತಪ್ಪಾತು ಅನ್ನಬೇಕು, ಬಾಯಿ ತೆರೆದ, ಆಕೆ ಟಕ್ ಎಂದು ಒತ್ತಿದಳು, ದನಿ ಸತ್ತು ಬರೀ ತಂತಿಯ ಚಿಂಯ್, ಬಾರಸ್ರಿ, ಎಂದಳು, ಮತ್ತೆ ಟಕ್, ಮತ್ತೆ ಹೊತ್ತಿಕೊಂಡಿತು, ನಿಲ್ಲಸಬ್ಯಾಡ್ರಿ, ಪ್ರಹ್ಲಾದ ಬಾರಿಸುತ್ತಿದ್ದಾನೆ, ಬಾರಿಸಲು ಬಾರದವನು, ಬರೀ ಒಂದೇ ತಂತಿ, ತಲೆ ಬಗ್ಗಿಸಿದರೆ ಕಾಣುವುದು ಆ ಕಾಲು, ಬೆರಳಿನ ಬೆಳ್ಳಿಯ ಕಾಲುಂಗುರ ಬರೀ ತಗಡಿಗೆ ತಾಗಿ, ಎದ್ದು, ತಾಗಿ, ಸಿಪ್ಪೆಯೆದ್ದ ಹಿಮ್ಮಡಿ, ಉಗುರಿನಂಚಿಗೆ ಹತ್ತಿದ ಬೇಳೆಯ ಪುಡಿ, ತಗಡಿನ ಮೇಲೆ ಬೆವರಿದ ಹೆಜ್ಜೆಯ ಆವಿ ಮೂಡಿ ಆರುವುದು, ಮೂಡಿ ಆರುವುದು, ಕಾಲು ಏಳುತ್ತದೆ, ಇಳಿಯುತ್ತದೆ, ಏಳುತ್ತದೆ, ಈಗ ಇಳಿದದ್ದು ಏಳುತ್ತಿಲ್ಲ, ದನಿ ಉರಿಯುತ್ತಲೇ ಇದೆ, ಕಾಲುಂಗುರ, ತಗಡು, ಆ ಕಾಲು