ಮೂರನೆಯ ಲೇಪ

ಮಾಗಿಯ ಚಳಿ ಕಲ್ಲಿನೊಳಕ್ಕೆ ಇಳಿದಿದ್ದ ಕಾಲ. ನಡುಹಗಲಿನ ನಮಾಜು ಮುಗಿದು ಸ್ವಲ್ಪ ಹೊತ್ತಾಗಿತ್ತು. ಹಿಕ್ಮತ್ ಕೈಗಡಿಯಾರದ ಮೂರರ ಚುಕ್ಕಿಯನ್ನು ಕೆರೆದು ಮುಗಿಸಿ ನಾಲ್ಕಕ್ಕೆ ಬಂದಿದ್ದ.

ಕೈಯಲ್ಲಿ ಚೂಪು ಮಾಡಿದ ಮರದ ಕಡ್ಡಿ. ಲೋಹ ತಾಗಿಸಿದರೆ ಡಯಲ್ ಗೀರಿಹೋಗುತ್ತದೆ. ಬಣ್ಣ ಹಕ್ಕಳೆ ಹಕ್ಕಳೆಯಾಗಿ ಎದ್ದು ಬರುತ್ತಿತ್ತು. ಗಡಿಯಾರ ನೋಡಲು ಅಜ್ಜನ ಕಾಲದ್ದು, ಆದರೆ ತಯಾರಾಗಿ ಐದು ವರ್ಷವೂ ಆಗಿರಲಿಲ್ಲ. ಹಳೆಯದೆಂದು ಕಾಣಲಿ ಎಂದು ಕಾರ್ಖಾನೆಯವರೇ ಗಂಟೆಯ ಚುಕ್ಕಿಗಳಿಗೆ ಚಹಾದ ಬಣ್ಣ ಕೊಟ್ಟಿದ್ದರು. ಹುಟ್ಟುವಾಗಲೇ ಮುಪ್ಪು. ಕತ್ತಲಲ್ಲಿ ಹಿಡಿದರೆ ಕುರುಡು.

"ಎಷ್ಟು ಹೊತ್ತು ಬೇಕು?" ಎಂದ ಅಬು ದೀಬ್.

"ಕೆರೀಬೇಕು. ಬಳೀಬೇಕು. ಒಣಗಬೇಕು."

"ಕೇಳಿದ್ದಕ್ಕೆ ಹೇಳು ಉಸ್ತಾದ್. ಪಾಠ ಮಾಡಬೇಡ."

"ಕತ್ತಲಾಗೋದರೊಳಗೆ."

"ಹಾಂ. ಅದು ಉತ್ತರ."

ಅಬು ದೀಬ್ ಸ್ಟೂಲಿನ ಮೇಲೆ ಕಾಲು ಚಾಚಿ ಕೂತ. ಬಂದೂಕು ತೊಡೆಯ ಮೇಲೆ ಕೂಸಿನ ಹಾಗೆ ಮಲಗಿತ್ತು. ಯುದ್ಧಕ್ಕೆ ಮುಂಚೆ ಇವನದು ಗಲ್ಲಿಯ ಮೂಲೆಯಲ್ಲಿ ಕೋಳಿ ಅಂಗಡಿ. ಕೈ ಚೊಕ್ಕ, ಕೋಳಿ ಕೂಗುವುದರೊಳಗೆ ಕೆಲಸ ಮುಗಿದಿರುತ್ತಿತ್ತು ಎಂದು ಹೆಂಗಸರು ಹೊಗಳುತ್ತಿದ್ದರು. ಈಗ ಗಲ್ಲಿಯ ತುದಿಯ ನಾಕಾ ಇವನದು. ಅಲೆಪ್ಪೊದ ಈ ಭಾಗದಲ್ಲಿ ಯಾರು ಆಚೆ ಹೋಗಬೇಕು, ಯಾರು ಈಚೆ ಬರಬೇಕು, ಯಾರು ಎಲ್ಲಿಗೂ ಹೋಗಬಾರದು ಎಂಬುದನ್ನು ಇವನೇ ಹೇಳುತ್ತಿದ್ದ.

ಹಿಕ್ಮತ್ ಹುಡುಗರ ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದವನು. ಶಾಲೆಯ ಮಾಳಿಗೆ ಕುಸಿದ ಮೇಲೆ, ಅಪ್ಪ ಸತ್ತಂದಿನಿಂದ ಮುಚ್ಚಿದ್ದ ಗಡಿಯಾರದ ಅಂಗಡಿಯ ಬಾಗಿಲು ತೆಗೆದ. ಯಾವ ಕುರ್ಚಿಯಲ್ಲಿ ಕೂರಬಾರದೆಂದು ಓದಿದನೋ ಅದೇ ಕುರ್ಚಿಯಲ್ಲಿ ಕೂತ. ಕುರ್ಚಿ ತಕರಾರು ಮಾಡಲಿಲ್ಲ. ಅವನೂ ಮಾಡಲಿಲ್ಲ.

ಪಟ್ಟಿ ಬಿಚ್ಚುವಾಗಲೇ ಅವನಿಗೆ ಗೊತ್ತಾಗಿತ್ತು. ಪಟ್ಟಿ ಹಿಡಿದಿಡುವ ಒಂದು ಕಡೆಯ ಕಡ್ಡಿ ಉಕ್ಕಿನದು, ಇನ್ನೊಂದು ಹಿತ್ತಾಳೆಯದು. ಹಿತ್ತಾಳೆಯದನ್ನು ಹಾಕಿದವನು ಅವನೇ. ಗಡಿಯಾರ ಭೂಗೋಳದ ಮೇಷ್ಟ್ರು ರಗೀದನದು.

ಹೋದ ಸೆಪ್ಟೆಂಬರಿನಲ್ಲಿ ಇಬ್ಬರೂ ನಾಕಾದ ಸಾಲಿನಲ್ಲಿ ನಿಂತಿದ್ದರು, ರಗೀದ್ ಮುಂದೆ, ಇವನು ಹಿಂದೆ. ಅಬು ದೀಬ್ ರಗೀದನ ತೋಳು ಹಿಡಿದ. ರಗೀದ್ ತಿರುಗಿ ನೋಡಿದ. ಆ ಹೊತ್ತಿಗೆ ಹಿಕ್ಮತನಿಗೆ ತನ್ನ ಬೂಟಿನ ದಾರ ಸಡಿಲಾಗಿದ್ದು ಕಂಡಿತು. ಬಗ್ಗಿ ಕಟ್ಟಿಕೊಂಡ. ಎದ್ದಾಗ ಮುಂದೆ ಯಾರೂ ಇರಲಿಲ್ಲ. ಸಾಲು ಒಂದು ಹೆಜ್ಜೆ ಮುಂದೆ ಸರಿದಿತ್ತು.

"ಚೆನ್ನಾಗಿರೋ ಗಡಿಯಾರ," ಎಂದ ಹಿಕ್ಮತ್ ಈಗ.

"ನಂದೇ," ಎಂದ ಅಬು ದೀಬ್. ಯಾರೂ ಕೇಳಿರಲಿಲ್ಲ.

ಆಮೇಲೆ ತಾನಾಗಿಯೇ ಮಾತು ತೆಗೆದ. "ನಮ್ಮ ಕಾವಲಿನ ಖಲೀಲ್ ಹೆಂಗೆ ಹೋದ ಗೊತ್ತಲ್ಲ? ಗಂಟೆ ಎಷ್ಟಾಯ್ತು ಅಂತ ಮೊಬೈಲ್ ನೋಡಿದ. ಅಷ್ಟೇ ಬೆಳಕು ಸಾಕಾಯ್ತು ಆಚೆಯ ಗುರಿಕಾರನಿಗೆ. ಇಲ್ಲಿ." ಎರಡು ಹುಬ್ಬಿನ ನಡುವೆ ಬೆರಳಿಟ್ಟು ತೋರಿಸಿದ. "ಈಗ ಬಯಲಲ್ಲಿ ಬಿದ್ದಿರೋ ಬಸ್ಸಿನ ಹತ್ತಿರ ಕಾವಲು ನಿಲ್ಲೋಕೆ ಒಬ್ಬೊಬ್ಬನಿಗೂ ಹೊಟ್ಟೆನೋವು. ಅದಕ್ಕೇ ಇವತ್ತು ಮೊದಲ ಸರದಿ ನಂದೇ. ಹೊತ್ತು ಮುಳುಗಿದ ಕೂಡಲೇ ಹೋಗಿ ನಿಲ್ತೀನಿ. ಗಂಡಸು ಹೆಂಗೆ ನಿಲ್ತಾನೆ ಅಂತ ನೋಡ್ಲಿ."

ಹಿಕ್ಮತ್ ಐದರ ಚುಕ್ಕಿ ಕೆರೆದ.

ಊಟದ ಡಬ್ಬಿ ಹಿಡಿದು ಮಾಜಿನ್ ಬಂದ. ಹಿಕ್ಮತನ ಹೆಂಡತಿ ಫದ್ವಾಳ ತಮ್ಮ. ಮೊದಲು ಸಾಬೂನಿನ ಕಾರ್ಖಾನೆಯಲ್ಲಿ ಸಾಬೂನು ಕೊಯ್ಯುತ್ತಿದ್ದ. ಕಾರ್ಖಾನೆ ಸುಟ್ಟ ಮೇಲೆ ರೊಟ್ಟಿಯ ಆಸೆಗೆ ನಾಕಾ ಸೇರಿದ. ಇಷ್ಟಾದರೂ ಅವನ ಮೈಯಿಂದ ಲಾರೆಲ್ ಎಣ್ಣೆಯ ವಾಸನೆ ಹೋಗಿರಲಿಲ್ಲ.

"ಭಾವ, ಅಕ್ಕ ಕಳಿಸಿದ್ಲು. ಬೇಳೆ, ಗೋಧಿನುಚ್ಚು. ಮೇಲಿನ ಈರುಳ್ಳಿ ದಾರೀಲಿ ನಾನು ತಿಂದೆ."

"ಎಲ್ಲಾನೂ?"

"ಎರಡೆಳೆ ಬಿಟ್ಟಿದ್ದೀನಿ. ಮರ್ಯಾದೆಗೆ."

ಅಬು ದೀಬ್ ನಕ್ಕ. "ಇವನನ್ನ ನೋಡು ಉಸ್ತಾದ್. ಶತ್ರು ಬೇಡ, ಈರುಳ್ಳಿ ಕೊಟ್ಟವನ ಕಡೆ ಹೋಗ್ತಾನೆ."

"ಹುರಿದಿದ್ರೆ ಮಾತ್ರ," ಎಂದ ಮಾಜಿನ್. "ಇವತ್ತು ನಂಗೆ ಸರದಿ ಇಲ್ಲ ತಾನೆ? ರೊಟ್ಟಿ ಸಾಲಲ್ಲಿ ನಿಲ್ಲಬೇಕು."

"ಹೋಗು. ಇವತ್ತು ನಾನಿದ್ದೀನಿ."

ಇಬ್ಬರೂ ಒಂದೇ ಬೆಂಕಿಯಲ್ಲಿ ಸಿಗರೇಟು ಹಚ್ಚಿದರು. ಹಗಲಾದರೂ ಅಭ್ಯಾಸ ಬಿಡದು. ಕೆಂಡ ಒಳಗಾಗುವ ಹಾಗೆ ಅಂಗೈ ಮಡಚಿ, ಬಂದೂಕು ಹಿಡಿಯದ ಎಡಗೈಯಲ್ಲೇ ಸೇದುವುದು. ಈ ಗಲ್ಲಿಯಲ್ಲಿ ಹೆಂಗಸರೂ ಹೀಗೆಯೇ ಸೇದುತ್ತಿದ್ದರು.

ಹಿಕ್ಮತ್ ತುತ್ತು ಬಾಯಿಗಿಡುತ್ತ ನೋಡಿದ. ಅಬು ದೀಬನ ಅಂಗೈ ಬಾಯಿಯ ಕಡೆ ಮಡಚಿತು. ಕೋಟಿನ ತೋಳು ಹಿಂದೆ ಜಾರಿತು. ಕೆಂಡ ಅಡಗಿತು, ಆದರೆ ಗಡಿಯಾರ ಕಟ್ಟುವ ಮಣಿಕಟ್ಟಿನ ಬೆನ್ನು ಪೂರ್ತಿಯಾಗಿ ಆಚೆಗೆ ತಿರುಗಿತು. ಕನ್ನಡಿ ಹಿಡಿದು ತೋರಿಸಿದ ಹಾಗೆ, ಆಚೆಯವನಿಗೆ.

ಅವನು ತುತ್ತು ಅಗಿದ. ಎರಡೆಳೆ ಈರುಳ್ಳಿಯನ್ನೂ ತಿಂದ.

ಮಾಜಿನ್ ಖಾಲಿ ಡಬ್ಬಿ ತೆಗೆದುಕೊಂಡು ಹೊರಟುಹೋದ.

ಅಪ್ಪನ ಕಪಾಟಿನಲ್ಲಿ ಕತ್ತಲಲ್ಲಿ ಹೊಳೆಯುವ ಪುಡಿಯ ಎರಡು ಸೀಸೆಗಳಿದ್ದವು. ಒಂದರಲ್ಲಿ ಹಿಟ್ಟಿನಷ್ಟು ನುಣ್ಣನೆಯ ಪುಡಿ, ಕೈಗಡಿಯಾರಕ್ಕೆ. ಮುಖದ ಹತ್ತಿರ ತಂದರೆ ಮಾತ್ರ ಗಂಟೆ ಕಾಣಬೇಕು, ಅಷ್ಟೇ. ಇನ್ನೊಂದರಲ್ಲಿ ಉಪ್ಪಿನಂಥ ತರಿಪುಡಿ. ಮಸೀದಿಯ ಗೋಡೆ ಗಡಿಯಾರಕ್ಕೆಂದು ಅಪ್ಪ ತರಿಸಿದ್ದು. ಅಂಗಳದ ಆಚೆ ತುದಿಯಲ್ಲಿ ನಿಂತವನಿಗೂ ಕಾಣಬೇಕಾದದ್ದು.

ಹಿಕ್ಮತನ ಕೈ ಎರಡನೆಯದಕ್ಕೆ ಹೋಯಿತು. ತಾನು ಯೋಚನೆ ಮಾಡುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲಿಲ್ಲ. ಲೆಕ್ಕ ಬಿಡಿಸುವಾಗಿನ ಹಾಗೆ ಒಂದರ ಹಿಂದೆ ಒಂದು ಸಾಲು ಬಂತು. ಕಪ್ಪು ಡಯಲಿನ ಮೇಲೆ ಬಣ್ಣ ಮಂಕಾಗುತ್ತದೆ, ಆದ್ದರಿಂದ ಕೆಳಗೆ ಬಿಳಿ. ಬಿಳಿಯ ಮೇಲೆ ಒಂದು ಲೇಪ ಕೈಯಳತೆಗೆ. ಎರಡು, ಕೋಣೆಗೆ. ಮೂರು, ಬೀದಿಗೆ.

ಕಾರಿನ ಬ್ಯಾಟರಿಗೆ ದೀಪ ಸಿಕ್ಕಿಸಿ ಮೂಗಿನ ಹತ್ತಿರಕ್ಕೆ ಎಳೆದುಕೊಂಡ. ಬಿಳಿ ಇಟ್ಟ. ಪುಡಿಯನ್ನು ವಾರ್ನಿಷಿನಲ್ಲಿ ಕಲಸಿದ. ಕುಂಚದ ಕೂದಲು ಅಗಲವಾಗಿತ್ತು. ಅಪ್ಪ ಮಾಡುತ್ತಿದ್ದ ಹಾಗೆ ತುಟಿಗಳ ನಡುವೆ ಇಟ್ಟು ಎಳೆದು ಚೂಪು ಮಾಡಿದ. ಹನ್ನೆರಡರ ಮುಕ್ಕೋನ. ಒಂದರ ಚುಕ್ಕಿ. ಮತ್ತೆ ತುಟಿ. ಎರಡರ ಚುಕ್ಕಿ. ಮತ್ತೆ ತುಟಿ.

  ರಗೀದನ ಮುಖ ನೆನಪಿಗೆ ತಂದುಕೊಳ್ಳಲು ನೋಡಿದ. ಬೂಟಿನ ದಾರ ಬಂತು.

ಮೊದಲ ಲೇಪ ಒಣಗಿ ಎರಡನೆಯದನ್ನು ಮುಗಿಸುವಾಗ ಹೊರಗೆ ಅಬು ದೀಬನ ದನಿ ಕೇಳಿತು.

"ಏನಿದು? ಏನಿದು ಅಂತ ಕೇಳ್ತಿರೋದು."

ಅಂಗಡಿಯ ಎದುರಿನ ಕಮಾನಿನಡಿ ಹಜ್ಜಿ ಬಕ್ರಿ ಗಾಡಿ ನಿಲ್ಲಿಸಿದ್ದ. ಚಳಿಗಾಲದಲ್ಲಿ ಬಿಸಿ ಬಿಸಿ ಸಹ್ಲಬ್ ಹಾಲು ಮಾರುವ ಮುದುಕ. ಪಾತ್ರೆಯ ಕೆಳಗೆ ಒಲೆ ಉರಿಯುತ್ತಿತ್ತು. ಮೋಡ ಕವಿದು ಗಲ್ಲಿ ಆಗಲೇ ಕಪ್ಪಾಗಿತ್ತು.

"ಹಾಲು ಅಪ್ಪಾ. ಇನ್ನೇನು."

"ನಾನು ಹಾಲು ಕೇಳಲಿಲ್ಲ. ಬೆಳಕು ಕೇಳಿದೆ."

"ಇನ್ನೂ ಹೊತ್ತು ಮುಳುಗಿಲ್ಲವಲ್ಲ. ಕುಡಿ ಒಂದು ಲೋಟ. ದಾಲ್ಚಿನ್ನಿ ಹಾಕಿದ್ದೀನಿ."

"ನಿನ್ನಂಥವರ ಒಲೆ ನೋಡ್ಕೊಂಡೇ ಖಲೀಲನ್ನ ಹೊಡೆದದ್ದು."

"ಖಲೀಲನ್ನ ಮೊಬೈಲು ಹೊಡೀತು ಅಂತ ನೀನೇ ಹೇಳಿದ್ದೆ."

ಗಲ್ಲಿಯಲ್ಲಿ ಯಾರೋ ನಕ್ಕರು. ಆ ನಗು ಬಾರದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತೇನೋ.

ಅಬು ದೀಬ್ ಮೊದಲು ಪಾತ್ರೆ ಒದ್ದ. ಹಾಲು ಕಲ್ಲಿನ ಮೇಲೆ ಹೊಗೆಯಾಡುತ್ತ ಹರಿಯಿತು. ಆಮೇಲೆ ಬಂದೂಕು ತಿರುಗಿಸಿ ನಳಿಗೆ ಹಿಡಿದ. ಮೊದಲ ಏಟು ಮುದುಕನ ಬಾಯಿಗೆ. ತೆಂಗಿನ ಚಿಪ್ಪು ಒಡೆದಂಥ ಸದ್ದು. ಬಿದ್ದವನ ಪಕ್ಕೆಗೆ ಎರಡನೆಯದು, ಮೂರನೆಯದು. ಮುದುಕ ಲೋಟಗಳನ್ನು ಹುಡುಕುವವನ ಹಾಗೆ ಕೈಯಿಂದ ನೆಲ ತಡವುತ್ತಿದ್ದ. ಆ ಕೈಗೂ ಒಂದು. ಕೊನೆಯ ಏಟು ತಲೆಗೆ ಬರಬೇಕಾದದ್ದು. ಮುದುಕ ಹೊರಳಿದ, ಬಂದೂಕಿನ ಹಿಡಿ ಕಮಾನಿನ ಕಲ್ಲುಕಂಬಕ್ಕೆ ಬಡಿಯಿತು, ಅಬು ದೀಬ್ ಎಡಗೈ ಝಾಡಿಸಿ ಕೆಟ್ಟ ಬೈಗುಳ ಬೈದ.

ಬಿಳಿಯದೊಂದು ಚೂರು ಹಾಲಿನ ಜೊತೆ ತೇಲಿ ಬಂದು ಅಂಗಡಿಯ ಹೊಸ್ತಿಲಿಗೆ ನಿಂತಿತು. ಹಲ್ಲು. ಹಿಕ್ಮತ್ ಅದನ್ನು ನೋಡಿದ, ಕೈಯಲ್ಲಿದ್ದ ಕುಂಚ ನೋಡಿದ. ಒಣಗಿಬಿಟ್ಟೀತು ಎಂದು ಏಳರ ಚುಕ್ಕಿ ಮುಗಿಸಿದ.

ಮುದುಕನನ್ನು ಹೆಂಗಸರಿಬ್ಬರು ತೋಳು ಹಿಡಿದು ಎಳೆದುಕೊಂಡು ಹೋದರು. ಅಬು ದೀಬ್ ಒಳಗೆ ಬಂದ.

"ನೀರಿದೆಯಾ? ಕೈ ತೊಳೀಬೇಕು."

ಹಿಕ್ಮತ್ ಹೂಜಿ ತಂದ. ಮನೆಗೆ ಬಂದ ನೆಂಟನಿಗೆ ಹಾಕುವ ಹಾಗೆ ಮೇಲಿಂದ ಸಣ್ಣಗೆ ಹುಯ್ದ. ನೀರು ಕೆಂಪಾಗಿ, ಆಮೇಲೆ ತಿಳಿಯಾಗಿ ಬಿತ್ತು. ಅಬು ದೀಬ್ ಎಡಗೈ ತಿರುಗಿಸುವಾಗ ಮುಖ ಕಿವಿಚಿದ.

"ಬಿಸಿನೀರು ಇಲ್ಲವಾ?"

"ಇಲ್ಲ. ಒಲೆ ಹಚ್ಚಿಲ್ಲ."

ಅಬು ದೀಬ್ ಅವನನ್ನೇ ನೋಡಿದ. ಗೇಲಿ ಇರಬಹುದೇ ಎಂದು ಹುಡುಕಿದ. ಹಿಕ್ಮತನ ಮುಖದಲ್ಲಿ ಏನೂ ಇರಲಿಲ್ಲ, ಎಂದಿನ ಹಾಗೆ.

"ಆಯ್ತಾ ಗಡಿಯಾರ?"

ಎರಡು ಲೇಪ ಆಗಿತ್ತು. ಕೋಣೆಗೆ ಸಾಕಾಗುವಷ್ಟು.

"ಇನ್ನೊಂದು ಕೈ ಇದೆ," ಎಂದ ಹಿಕ್ಮತ್.

ಮೂರನೆಯ ಲೇಪವನ್ನು ಅವನು ಬಲು ಚೆಂದವಾಗಿ ಕೊಟ್ಟ. ಒಂದು ಚುಕ್ಕಿಯೂ ಅಂಚು ಮೀರಲಿಲ್ಲ. ಮುಳ್ಳುಗಳಿಗೆ ಹೊಟ್ಟೆ ತುಂಬಿದ. ಕುಂಚ ತುಟಿಗೆ, ತುಟಿಯಿಂದ ಡಯಲಿಗೆ. ಒಣಗಿದ ಮೇಲೆ ಯಂತ್ರ ಕೂರಿಸಿ, ಗಾಜು ಮುಚ್ಚಿ, ಹಿತ್ತಾಳೆಯ ಕಡ್ಡಿಯನ್ನು ಅದರ ಜಾಗಕ್ಕೇ ಹಾಕಿ, ದೀಪದಡಿ ಬೆಳಕು ಕುಡಿಯಲು ಬಿಟ್ಟ.

ಅಬು ದೀಬ್ ಅದನ್ನು ಕೋಟಿನೊಳಗೆ ಹಿಡಿದು ಇಣುಕಿದ. ಅವನ ಗದ್ದ ಹಸಿರಾಯಿತು.

"ಮಾಶಾ ಅಲ್ಲಾ. ಹೆಣಾನೂ ಎದ್ದು ಕೂತು ಗಂಟೆ ಓದಬೇಕು." ಹಿಕ್ಮತನ ಬೆನ್ನು ತಟ್ಟಿದ. "ಓದಿದ ಕೈ ಅಂದ್ರೆ ಓದಿದ ಕೈ."

ಅವನು ಹೋದ. ಹಿಕ್ಮತ್ ಕಾದ. ತನ್ನೊಳಗೆ ಏನಾದರೂ ಆಗಬೇಕು, ಹೆದರಿಕೆಯೋ ಸಂತೋಷವೋ. ಕಡೆಗೆ ಹಸಿವಾದರೂ. ಕುಂಚ ತೊಳೆದ. ಹೊಸ್ತಿಲಿನ ಹಲ್ಲನ್ನು ಪೊರಕೆಯಿಂದ ಮೋರಿಗೆ ತಳ್ಳಿದ. ಬಾಗಿಲು ಎಳೆದ.

ಹೊತ್ತು ಮುಳುಗಿತ್ತು. ವಿದ್ಯುತ್ ಇರಲಿಲ್ಲ. ಮನೆಗೆ ಹೋಗಲು ನಾಕಾದ ಪಕ್ಕದಲ್ಲೇ ದಾಟಬೇಕು. ಅಲ್ಲಿ ಎರಡು ಮನೆಗಳ ನಡುವೆ ಜಮಖಾನ, ಹೊದಿಕೆ, ಯಾರದೋ ಮದುವೆಯ ಪರದೆ ಎಲ್ಲ ಸೇರಿಸಿ ಹೊಲಿದು ತೂಗುಬಿಟ್ಟಿದ್ದರು, ಆಚೆಯ ಗುರಿಕಾರನಿಗೆ ಈಚೆಯದು ಕಾಣದಿರಲೆಂದು. ಪರದೆಯ ಆಚೆ ಬಯಲು, ಬಯಲಿನಲ್ಲಿ ಅಡ್ಡ ಬಿದ್ದ ಬಸ್ಸು. ಕಾವಲಿನವನು ನಿಲ್ಲುವುದು ಅಲ್ಲಿ. ಕತ್ತಲಾದ ಮೇಲೆ ಅಲ್ಲಿಗೆ ಯಾರೂ ಕೂಗಿ ಮಾತಾಡುವಂತಿಲ್ಲ. ಕೂಗಿದ ಕಡೆಗೆ ಗುಂಡು ಬರುತ್ತದೆ.

ಹಿಕ್ಮತ್ ಗೋಡೆ ಹಿಡಿದು ನಡೆದ.

"ಯಾರು?"

"ನಾನು."

"ಉಸ್ತಾದಾ? ಬಾ, ಚಹಾ ಇದೆ. ತಣ್ಣಗಿದೆ."

ಈಚೆಯ ಹೊಸ್ತಿಲ ಮೇಲೆ ಅಬು ದೀಬ್ ಕೂತಿದ್ದ. ಎಡಗೈಗೆ ಬಟ್ಟೆ ಸುತ್ತಿ ಎದೆಗೆ ಒತ್ತಿಕೊಂಡಿದ್ದ.

"ನೀವು ಇಲ್ಲಿ?" ಎಂದ ಹಿಕ್ಮತ್.

"ಆ ಮುದುಕ ಹಾಳಾಗಿಹೋಗ್ಲಿ. ಮಣಿಕಟ್ಟು ಊದಿ ಬದನೇಕಾಯಿ ಆಗಿದೆ. ಬಂದೂಕು ಎತ್ತೋಕಾಗಲ್ಲ. ಗಡಿಯಾರದ ಪಟ್ಟಿನೂ ಹತ್ತಲಿಲ್ಲ ಅಂತೀನಿ."

"ಮತ್ತೆ ಗಡಿಯಾರ?"

"ನಿಂತವನಿಗೆ ಕೊಟ್ಟೆ. ರೊಟ್ಟಿ ಸಾಲಿಂದ ಎಳ್ಕೊಂಡು ಬಂದೆ ನಿನ್ನ ಭಾವಮೈದನನ್ನ. ಮುಖ ನೋಡಬೇಕಿತ್ತು. ಗಡಿಯಾರ ಕಟ್ಟಿದ ಮೇಲೆ ಸ್ವಲ್ಪ ನಗು ಬಂತು."

ಪರದೆಯ ಹೊಲಿಗೆಯಲ್ಲಿ ಸಣ್ಣ ಬಿರುಕಿತ್ತು. ಹಿಕ್ಮತ್ ಕಣ್ಣಿಟ್ಟ. ಬಸ್ಸೂ ಇಲ್ಲ, ಮನುಷ್ಯನೂ ಇಲ್ಲ, ಬರೀ ಕಪ್ಪು. ಆ ಕಪ್ಪಿನಲ್ಲಿ ಒಂದು ಹಸಿರು ಉಂಗುರ ಸೊಂಟದೆತ್ತರದಲ್ಲಿ ತೂಗುತ್ತಿತ್ತು. ಹನ್ನೆರಡು ಗುರುತುಗಳನ್ನೂ ಇಲ್ಲಿಂದಲೇ ಎಣಿಸಬಹುದಿತ್ತು. ಉಂಗುರ ನಿಧಾನವಾಗಿ ಮೇಲೇರಿ, ಬಾಯಿ ಇರಬೇಕಾದ ಜಾಗದಲ್ಲಿ ನಿಂತು, ಆಚೆಗೆ ತಿರುಗಿತು. ಕೆಂಡ ಕಾಣಲಿಲ್ಲ. ಮಾಜಿನ್ ಕೆಂಡವನ್ನು ಚೆನ್ನಾಗಿ ಮುಚ್ಚಿಕೊಂಡಿದ್ದ.

ಒಂದು ಮಾತು ಸಾಕಿತ್ತು. ಮಾಜಿನ್ ಕೋಟಿನ ತೋಳು ಕೆಳಗೆಳೆದುಕೊಳ್ಳಲಿ ಎಂದರೆ ಅಬು ದೀಬ್ ಯಾರನ್ನಾದರೂ ತೆವಳಿಸಿ ಕಳಿಸುತ್ತಿದ್ದ. ಆಮೇಲೆ ಕೇಳುತ್ತಿದ್ದ: ಇದು ಅಷ್ಟು ದೂರಕ್ಕೆ ಕಾಣುತ್ತೆ ಅಂತ ನಿನಗೆ ಗೊತ್ತಿತ್ತಾ ಉಸ್ತಾದ್? ನನ್ನ ಕೈಗೆ ಕೊಡುವಾಗ ಯಾಕೆ ಹೇಳಲಿಲ್ಲ? ಬಂದೂಕಿನ ಹಿಡಿಯಲ್ಲಿ ಇನ್ನೂ ಹಾಲಿನ ವಾಸನೆ ಇತ್ತು.

"ಒಂದು ವಿಷಯ," ಎಂದ ಹಿಕ್ಮತ್.

"ಏನು?"

ಉಂಗುರ ಕೆಳಗಿಳಿಯಿತು.

"ಆ ಗಡಿಯಾರ. ಸ್ವಲ್ಪ ಮುಂದೆ ಓಡ್ತಿದೆ ಅನ್ಸುತ್ತೆ."

"ಓಡ್ಲಿ ಬಿಡು. ಬೇಗ ಸರದಿ ಮುಗೀತು ಅಂತ ಖುಷಿಪಡ್ತಾನೆ."

ಅಬು ದೀಬ್ ನಗುತ್ತ ತಲೆಯೆತ್ತಿದವನು ನಗು ನಿಲ್ಲಿಸಿದ. ಕಣ್ಣು ಕಿರಿದು ಮಾಡಿ ನೋಡಿದ.

"ಉಸ್ತಾದ್. ನಿನ್ನ ಬಾಯಿ ಹೊಳೀತಿದೆ."

ಹಿಕ್ಮತ್ ಬೆರಳಿನಿಂದ ತುಟಿ ಮುಟ್ಟಿದ. ಬೆರಳೂ ಹಸಿರಾಗಿತ್ತು. ಉಜ್ಜಿದ. ಅದು ಹೋಗಲಿಲ್ಲ.

"ಬಣ್ಣ ತಿಂದೆಯಾ ಎಂಥದು? ಮುಚ್ಕೋ ಮಾರಾಯ. ಆಚೆಯವನಿಗೆ ಕಂಡೀತು."

ಹಿಕ್ಮತ್ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಬಿರುಕಿನಲ್ಲಿ ಉಂಗುರ ಮತ್ತೆ ಮೇಲೇಳತೊಡಗಿತ್ತು. ಅವನು ಗೋಡೆ ಹಿಡಿದು ಮನೆಯ ಕಡೆ ತಿರುಗಿದ. ಅಲ್ಲಿ ಫದ್ವಾ ದೀಪ ಹಚ್ಚದೆ ಇಬ್ಬರಿಗೂ ಕಾಯುತ್ತಿದ್ದಳು.