ಬಲೆಯ ಸೀಸ

ಕಂಪ್ಯೂಟರ್ ಗುಂಯ್ ಅನ್ನುತ್ತಿದೆ, ಒಳಗೆ ಜೇನುಹುಳ ಸಿಕ್ಕಿಕೊಂಡ ಹಾಗೆ, ಪರದೆಯ ಮೇಲೆ ಕೆಂಪು ಗೆರೆ ಇಳಿಯುತ್ತ ಬಂದು ನಿಲ್ಲುತ್ತದೆ, ನೋಡಪ್ಪಾ, ಇಲ್ಲಿಗೆ ಉಳಿದದ್ದೆಲ್ಲ ಗಟ್ಟಿಯಾಯ್ತು, ಸೀಸ ಮಾತ್ರ ಇನ್ನೂ ನೀರು — ನಾಗಶ್ರೀ, ನನ್ನ ಮಗಳು, ಕಾಲೇಜಿನಲ್ಲಿ ಲೋಹದ ಲೆಕ್ಕ ಕಲಿಯುವವಳು, ರಜೆಗೆ ಶಿರವಾಡಕ್ಕೆ ಬಂದರೆ ಅಪ್ಪನ ಎರಕದ ಮನೆಯಲ್ಲೂ ಅದೇ ಲೆಕ್ಕ, ತಾಮ್ರ ಇಷ್ಟು ಸತು ಇಷ್ಟು ಎಂದು ಕೊಟ್ಟರೆ ಎಷ್ಟು ಬಿಸಿಗೆ ಯಾವುದು ಕರಗಿರುತ್ತದೆ ಯಾವುದು ಗಟ್ಟಿ ಎಂದು ಮಷೀನು ಹೇಳುತ್ತದಂತೆ, ಯಾವ ರೂಪದಲ್ಲಿ ಶಕ್ತಿ ಕಡಿಮೆಯೋ ಲೋಹ ಅದರಲ್ಲೇ ಹೋಗಿ ಕೂರೂದು ಅಪ್ಪಾ, ನಾವು ಹೇಳಿದ್ದು ಕೇಳೂದಿಲ್ಲ, ಹೌದು ಮಾರಾಯ್ತಿ, ನಿನ್ನ ಹಾಗೇ, ಎಂದಿದ್ದೆ, ಆಗ ನಕ್ಕಳು, ಈಗ ನಗುತ್ತಿಲ್ಲ. ಹೊರಗೆ ಗೋಡೆಗೆ ಒರಗಿಸಿಟ್ಟ ಪಂಖ, ನೀರಿನಡಿ ತಿರುಗಿ ಬೋಟು ತಳ್ಳುವಂಥದ್ದು, ಬಿಸಿಲಿಗೆ ಹೊಳೆಯುತ್ತಿದೆ, ಕೇಣಿಯ ದೇವನ ಬೋಟಿಗೆ ನಾನೇ ಎರೆದದ್ದು, ನಾನೇ ಉಜ್ಜಿದ್ದು, ಅಮದಳ್ಳಿ ದಾಟಿದೆವು ಬೊಮ್ಮಣ್ಣಾ, ಅಬ್ಬೆಯೂ ಬಂದಿದ್ದಾಳೆ, ಎಂದು ಪಂಖ ಒಯ್ಯಲು ಬರುತ್ತಿರುವ ದೇವ ಈಗಷ್ಟೇ ಮೊಬೈಲಿನಲ್ಲಿ ಕೂಗಿದ.

ದೇವನ ಅಬ್ಬೆ — ದುರ್ಗಕ್ಕ — ಅವಳ ಮುಷ್ಟಿ. ಪಂಖ ಎರೆಯುವ ದಿನ ಬೋಟಿನ ಮನೆಯವರು ಮನೆಯ ಹಿತ್ತಾಳೆಯದೊಂದು ಚೂರು ಲೋಹ ಕರಗುವ ಮೂಸೆಗೆ ಹಾಕುವುದು ನಮ್ಮಲ್ಲಿ ಮೊದಲಿಂದ ನಡೆದು ಬಂದದ್ದು, ಹಳೇ ಸವುಟು, ಮುರಿದ ದೀಪದ ಕಾಲು, ಬೋಟು ಮನೆಯ ದಾರಿ ಮರೆಯಬಾರದಂತೆ, ಹಿತ್ತಾಳೆಯಾದರೆ ಹಾಕಲಿ, ಅದೂ ನಮ್ಮ ಲೋಹವೇ, ಅವತ್ತು ನಾನು ಕೆಲಸದ ಹುಡುಗ ಬೀರನಿಗೆ ಬೈಯುತ್ತಿದ್ದೆ, ಇಕ್ಕಳ ಸರಿ ಹಿಡಿಯೋ ಕತ್ತೆ, ತಿರುಗಿ ನೋಡಿದರೆ ದುರ್ಗಕ್ಕನ ಮುಷ್ಟಿ ಮೂಸೆಯ ಮೇಲೆ ಬಿಚ್ಚಿದೆ, ಬೂದು ಗುಂಡುಗಳು ಒಂದರ ಹಿಂದೊಂದು ಬೀಳುತ್ತಿವೆ, ತೀರಿಕೊಂಡ ಗಂಡನ ಬೀಸುಬಲೆಯ ಅಂಚಿನ ಸೀಸ, ಅವರೂ ಬೋಟಿನ ಸಂಗಡ ಹೋಗಲಿ ಬೊಮ್ಮಯ್ಯಾ ಎಂದಳು, ಊರಿಗೆಲ್ಲ ಬೈಯುವ ನಾನು ಅವಳಿಗೆ ಬೈಯಲಿಲ್ಲ, ಅಷ್ಟು ಲೋಹದಲ್ಲಿ ಒಂದು ಮುಷ್ಟಿ ಏನು ಮಹಾ ಎಂದುಕೊಂಡು ಎರೆದೆ.

ನಿನ್ನೆ ಊಟಕ್ಕೆ ಕೂತಾಗ ಆ ಸೀಸದ ಸುದ್ದಿ ಬಾಯಿತಪ್ಪಿ ಹೇಳಿದೆ, ನಾಗಶ್ರೀ ಕೈತೊಳೆದು ಎದ್ದಳು, ತೂಗಲಿಲ್ಲವಾ ಅಪ್ಪಾ, ಹರಕೆಯನ್ನು ತೂಗುತ್ತಾರೇನೇ, ಸರಿ ಒಂದು ಮುಷ್ಟಿ ಎಂದೇ ಹಿಡಿತೇನೆ, ಸೀಸ ತಾಮ್ರದ ಸಂಗಡ ಬೆರೆತ ಹಾಗೆ ಕಾಣ್ತದೆ, ತಣಿಯುವಾಗ ಬೇರೆಯಾಗಿ ಲೋಹದ ಕಾಳುಕಾಳಿನ ಸಂದಿಯಲ್ಲಿ ಹನಿಹನಿಯಾಗಿ ಕೂರ್ತದೆ, ಬಂಡೆಗೆ ಬಡಿದರೆ ಪಂಖದ ರೆಕ್ಕೆ ಅಲ್ಲೇ ಬಿರೀತದೆ — ನಿನ್ನ ಮಷೀನು ಸಮುದ್ರ ಕಂಡಿದೆಯಾ ಎಂದು ಒದರಿದೆ, ಸಮುದ್ರ ಬೇಡ ಅಪ್ಪಾ, ಅಚ್ಚಿನ ಕಾಲುವೆಯಲ್ಲಿ ಉಳಿದ ಅದೇ ಲೋಹದ ತುಂಡು ಉಂಟಲ್ಲ, ಹೊಡೆದು ನೋಡು. ಒಳ್ಳೆ ಲೋಹ ಮೊದಲು ಬಾಗುತ್ತದೆ. ಹೊಡೆದೆ. ಬಾಗಲಿಲ್ಲ, ಟಕ್ಕೆಂದು ಎರಡಾಯಿತು, ಮುರಿದ ಮುಖದ ತುಂಬ ಬೂದು ಚುಕ್ಕೆ. ಮತ್ತೆ ಕರಗಿಸಿದರೆ? ಸೀಸ ಎಲ್ಲಿಗೂ ಹೋಗೂದಿಲ್ಲ ಅಪ್ಪಾ, ಹೊಸ ಲೋಹವೇ ಬೇಕು. ಎಂಟು ಜನ ಹೋಗುವ ಬೋಟು, ನಡುನೀರಿನಲ್ಲಿ ರೆಕ್ಕೆ ಹೋದರೆ —

ಟೆಂಪೊ ನಿಂತಿತು, ದುರ್ಗಕ್ಕನ ಕೈಯಲ್ಲಿ ಪಂಖಕ್ಕೆ ಹಾಕಲು ಅಬ್ಬಲಿಗೆ ಮಾಲೆ, ಎಂತಾ ಮೋರೆ ಬೊಮ್ಮಣ್ಣಾ, ಮಗಳನ್ನು ಕಳಿಸಿಕೊಡುವವರ ಹಾಗೆ, ದೇವ ನಗುತ್ತಾನೆ, ಇದು ಹೋಗೂದಿಲ್ಲ ದೇವಾ, ಬೇರೆ ಎರೆದು ಕೊಡ್ತೆ, ಎಂತಕ್ಕೆ, ಬೋಟು ಇಳಿಸುವ ದಿನ ಬಂತಲ್ಲ, ಸೀಸ ಸೇರಿ ಹಾಳಾಯ್ತು ಎಂದೆ, ಗಟ್ಟಿಯಾಗೇ ಎಂದೆ, ಮೆಲ್ಲಗೆ ಹೇಳಲು ನನಗೆ ಯಾರೂ ಕಲಿಸಲಿಲ್ಲ, ದೇವ ತಾಯಿಯ ಕಡೆ ನೋಡಿದ, ಅವಳು ಮಾಲೆ ಅವನ ಕೈಗೆ ಕೊಟ್ಟು ಬಗ್ಗಿ ಮುರಿದ ತುಂಡು ಎತ್ತಿದಳು, ಬೂದು ಚುಕ್ಕೆಯ ಮೇಲೆ ಹೆಬ್ಬೆರಳು ಆಡಿಸಿದಳು, ಅವರು ಇಲ್ಲೇ ಇದ್ದರಾ ಎಂದಳು, ಹೊಸ ಎರಕಕ್ಕೆ ಹಿತ್ತಾಳೆ ತಾ ದುರ್ಗಕ್ಕಾ, ದೀಪವೋ ಸವುಟೋ, ನನ್ನ ಮಾತು ಅವಳಿಗೆ ಕೇಳಿತೋ ಇಲ್ಲವೋ, ಅವಳ ಬೆರಳುಗಳು ಆ ತುಂಡಿನ ಸುತ್ತ ಮಡಚಿಕೊಂಡವು, ಅವತ್ತು ಮೂಸೆಯ ಮೇಲೆ ಬಿಚ್ಚಿದ ಅದೇ ಮುಷ್ಟಿ — ಮುಚ್ಚಿದೆ, ಬಿಚ್ಚುತ್ತಿಲ್ಲ.