ರಾಕ್ಷಸನ ಕೊಟ್ಟಿಗೆಯಲ್ಲಿ ದಲ್ಲಾಳಿ ಗಂಗಯ್ಯ

"ಆ ಗಂಗಯ್ಯನ್ನ ಇವತ್ತು ಸಾಯಿಸ್ಬಿಡೋ ಜಯಂತ," ಅಂದ ಕೇದಾರ್ ನನಗೆ, ಚಾಪೆ ಹಾಸುತ್ತಾ. "ಹಾವು ಕಚ್ಚಲಿ, ಬಂಡೆ ಬೀಳಲಿ, ಏನಾದ್ರೂ ಮಾಡು."

ಗಾಬರಿಯಾಗಬೇಡಿ, ಗಂಗಯ್ಯ ನಿಜದ ಮನುಷ್ಯನಲ್ಲ. ಹಾಸನದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಭಾನುವಾರ ಭಾನುವಾರ ಆಡುತ್ತಿದ್ದ ಆಟದ ಒಂದು ಪಾತ್ರ. ಎರಡು ಸಾವಿರದ ಮೂರರ ಮಾತು. ನಾನು ಕಥೆ ಹೇಳಬೇಕು, ರಾಕ್ಷಸನಾಗಿಯೂ ನಾನೇ ಮಾತಾಡಬೇಕು, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡಬೇಕು, ಗೆದ್ದರೋ ಸೋತರೋ ಅನ್ನೋದನ್ನ ದಾಳ ಹೇಳಬೇಕು. ಪಕ್ಕದ ಮನೆ ಕೇದಾರ್ ಕತ್ತಿವೀರ. ನನ್ನ ತಂಗಿ ಅನ್ವಿತಾ ಮಳೆ ತರಿಸೋ ಮಾಂತ್ರಿಕೆ. ಹಿರೀಸಾವೆಯಿಂದ ಬಸ್ಸು ಹತ್ತಿ ಬರುತ್ತಿದ್ದ ನಮ್ಮ ಕ್ಲಾಸಿನ ರವೀಂದ್ರ ಮಾತ್ರ ದನದ ದಲ್ಲಾಳಿ ಗಂಗಯ್ಯ. ಕತ್ತಿಯಿಲ್ಲ, ಮಂತ್ರವಿಲ್ಲ, ಹೆಗಲ ಮೇಲೊಂದು ಟವೆಲು.

ಹೋದ ವಾರ ಕೇದಾರನ ವೀರ ರಾಕ್ಷಸನ ಮೇಲೆ ಬಿದ್ದು "ಬಾರೋ ಗಂಗಯ್ಯ!" ಅಂತ ಕೂಗಿದರೆ, ಗಂಗಯ್ಯ ಕೊಟ್ಟಿಗೆಗೆ ನುಗ್ಗಿ ರಾಕ್ಷಸನ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾ ನಿಂತಿದ್ದ. ವೀರ ಸೆರೆ ಸಿಕ್ಕ.

"ಸಾಯ್ಸೋದೇನೂ ಬ್ಯಾಡ." ಬಾಗಿಲಲ್ಲಿ ರವೀಂದ್ರ. ಚಪ್ಪಲಿ ಇನ್ನೂ ಬಿಟ್ಟಿರಲಿಲ್ಲ. "ನಾನೇ ಓಯ್ತೀನಿ. ನಂಗೂ ತ್ವಾಟದಲ್ಲಿ ಕೆಲಸ ಐತೆ."

ಅವನು ಆ ಮೆಟ್ಟಿಲಿಳಿದರೆ ಮತ್ತೆ ಹತ್ತುವವನಲ್ಲ. ಅವನಿಲ್ಲದ ಭಾನುವಾರ ನೆನೆಸಿಕೊಂಡೇ ನನಗೆ ಬೇಜಾರಾಯಿತು.

"ಹೋಗೋದಾದ್ರೆ ಇದೊಂದು ಹೇಳಿ ಹೋಗು," ಅಂದೆ. "ಗಂಗಯ್ಯ ಇವರ ಜೊತೆ ಹೊರಟಿದ್ದಾದ್ರೂ ಯಾಕೆ?"

"ಈಗ ಕೇಳ್ತಿದ್ದೀಯ! ಅವ್ನ ಜೋಡಿ ಎತ್ತಲ್ಲಿ ಒಂದು ಕಳುವಾಗೈತೆ ಕಣ್ಲಾ. ಕೊಟ್ಟಿಗೇಲಿರೋದು ಅದೇನಾ ಅಂತ ಹಲ್ಲು ನೋಡ್ದ. ಅದೇ ಕಣ."

"ಬಾಯಲ್ಲಿ ಕಡುಬಿತ್ತಾ ನಿಂಗೆ?" ಕೇದಾರ್ ಎದ್ದೇ ನಿಂತ. "ಮೊದ್ಲೇ ಹೇಳೋಕೇನು?"

"ಮನ್ಸಲ್ಲಿರೋದ್ನ ಬಾಯಿ ಬುಟ್ಟು ಏಳೋನು ಅದ್ಯಾವ ದಲ್ಲಾಳಿಯೋ?"

"ಚಪ್ಪಲಿ ಬಿಟ್ಟು ಒಳಗೆ ಬಾ," ಅಂದೆ. "ರಾಕ್ಷಸ ವ್ಯಾಪಾರಕ್ಕೆ ಕೂತಿದ್ದಾನೆ."

ರವೀಂದ್ರ ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತು, ಹೆಗಲಿಂದ ಟವೆಲು ತೆಗೆದು ನನ್ನ ಕೈಯನ್ನು ಅದರ ಕೆಳಕ್ಕೆ ಎಳೆದುಕೊಂಡ. ದನದ ವ್ಯಾಪಾರ ನಡೆಯೋದೇ ಹಾಗೆ, ಬೆರಳು ಹಿಡಿದು. ಸುತ್ತ ನಿಂತವರಿಗೆ ತಿಳಿಯಬಾರದು.

"ಒಂದ್ ಬೆರಳು ಅಂದ್ರೆ ನಿನ್ ವಲಕ್ಕೆ ಒಂದ್ ಮಳೆ, ರಾಕ್ಷಸಪ್ಪ."

"ನನ್ನ ಮಳೆ ಮಾರೋಕೆ ನೀನ್ಯಾರೋ?" ಅನ್ವಿತಾ ಚೀರಿದಳು.

"ನಮ್ಮತ್ರ ಬೆಲೆ ಬಾಳೋದು ಇನ್ನೇನೈತೆ ತಾಯಿ?"

ಅವಳು ಜಡೆ ಹಿಂದಕ್ಕೆಸೆದಳು. "ಹಾಗಾದ್ರೆ ಹದವಾದ ಮಳೆ ಅಂತ ಸರಿಯಾಗಿ ಹೇಳು."

ನಾನು ಐದೂ ಬೆರಳು ಹಿಡಿದೆ. ಅವನು ಎರಡು ಮಡಿಸಿದ. ನಾನು ಒಪ್ಪದೆ ಅಡ್ಡಡ್ಡ ತಲೆಯಾಡಿಸಿದೆ. ಕೇದಾರ್ ಮಂಡಿಯೂರಿ ಹತ್ತಿರ ಹತ್ತಿರ ಬಂದ.

"ಎತ್ತಿಗೆಷ್ಟೋ? ನನಗೆಷ್ಟೋ?"

"ಸುಮ್ಕಿರ್ಲಾ. ಎತ್ತಿಗೆ ಮಾತ್ರ ಬೆಲೆ. ಮೂಗುದಾರದ ಜೊತೆ ನಿನ್ನೂ ಬಿಟ್ಟಿ ಕೇಳ್ತಿವ್ನಿ."

ಅನ್ವಿತಾ ನಕ್ಕು ನಕ್ಕು ಗೋಡೆಗೊರಗಿದಳು. ಕೇದಾರ್ ಮುಖ ಗಂಟಿಕ್ಕಲು ನೋಡಿದ, ಆಗಲಿಲ್ಲ. ನಗುತ್ತಲೇ ದಾಳವನ್ನು ರವೀಂದ್ರನ ಕೈಗೆ ತುರುಕಿದ.

"ಹಾಕು, ರಾಕ್ಷಸ ಒಪ್ಪಲಿ. ಮುಂದಿನ ವಾರಾನೂ ಬರ್ತೀಯ ತಾನೆ?"

"ಬರ್ದೆ? ನನ್ ಎತ್ತ ನಿನ್ ಕೈಗೆ ಬುಟ್ಟು ಓಗ್ಲಾ?"

ರವೀಂದ್ರ ಬೀಸಿ ಎಸೆದ. ದಾಳ ಚಾಪೆ ದಾಟಿ ಮಂಚದ ಕೆಳಗೆ ಉರುಳಿತು. ನಾಲ್ವರೂ ನೆಲಕ್ಕೆ ಹೊಟ್ಟೆ ಹಚ್ಚಿ, ತಲೆಗೆ ತಲೆ ಡಿಕ್ಕಿ ಹೊಡೆದುಕೊಳ್ಳುತ್ತಾ ಒಳಗೆ ನುಸುಳಿದೆವು.